ಹಿಮಗಿರಿಯ ಹೂಗಳೂ ಅವನ್ನು ಬರೆದವಳೂ

ಕೆನಡಾ ದೇಶದ ರಾಕಿ ಪರ್ವತಗಳನ್ನು ನೋಡಲು ಹೋಗುವವರು ಸಾಮಾನ್ಯವಾಗಿ ತಲೆಯೆತ್ತಿಕೊಂಡೇ ಹೋಗಿ ತಲೆಯೆತ್ತಿಕೊಂಡೇ ಹಿಂದಿರುಗುವರು. ಅಲ್ಲಿಯ ಶಿಖರಗಳ ಔನ್ನತ್ಯವೇ ಅಂಥದು. ನಾವಾದರೋ ಅಲ್ಲಿಗೆ ಹೋದುದು ತಲೆ ತಗ್ಗಿಸಿ ನೋಡುವುದಕ್ಕಾಗಿ. ಎಂದರೆ, ಹಿಮವು ಕರಗಿದ ಎರಡು ಮೂರು ತಿಂಗಳ ಅವಧಿಯಲ್ಲಿಯೇ ಅರಳಿ, ಕಾಯಿಕಟ್ಟಿ, ಮುಗಿದುಹೋಗುವ ಅಲ್ಲಿಯ ಕಾಡುಹೂಗಳನ್ನು ನೋಡುವುದಕ್ಕಾಗಿ. ಈ ಬಯಕೆ ನಮ್ಮಲ್ಲಿ ಹುಟ್ಟುವುದಕ್ಕೆ ಒಂದು ಪುಸ್ತಕವೇ ಕಾರಣ. ಆ ಪುಸ್ತಕದ ವೃತ್ತಾಂತವನ್ನೂ ಅದನ್ನು ರಚಿಸಿದ ಹೆಂಗಸಿನ ವೃತ್ತಾಂತವನ್ನೂ, ನಾವು ಕಂಡ ಸ್ಥಳಗಳ ಸಂಗತಿಯೊಡನೆ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ತಮ್ಮನ ಮಗನು ಕ್ಯಾಲ್ಗರಿ ನಗರದಲ್ಲಿ ನೆಲಸಿರುವನು. ಬೇಸಗೆಯಲ್ಲೊಮ್ಮೆ ಬರಬೇಕೆಂದು ಅವನು ಹಲವು ವರ್ಷಗಳಿಂದ ಕರೆಯುತ್ತಿದ್ದುದರಿಂದ, ನಾವೂ ನಮ್ಮ ಅಕ್ಕನೂ ಜುಲೈ ತಿಂಗಳಲ್ಲಿ ಅವನ ಮನೆಗೆ ಹೋದೆವು. ಅಲ್ಲಿ ಒಂದು ಮಧ್ಯಾಹ್ನ ಗ್ರಂಥಾಲಯವೊಂದರಲ್ಲಿ ಕುಳಿತಿದ್ದಾಗ ದೊಡ್ಡ ಗಾತ್ರದ ಹಳೆಯ ಸಂಪುಟವೊಂದು ನಮ್ಮ ಕೈಗೆ ಬಂದಿತು. ಅದರ ಹೆಸರು 'ನಾರ್ತ್ ಅಮೆರಿಕನ್ ವೈಲ್ಡ್ ಫ್ಲವರ್ಸ್'. ಎಂದರೆ 'ಉತ್ತರ ಅಮೆರಿಕದ ಕಾಡುಹೂಗಳು'. ಬರೆದವಳು ಮೇರಿ ವಾಕ್ಸ್ ವಾಲ್ಕಾಟ್. ಪುಟ ತೆರೆದರೆ, ಹಾಳೆಯ ನಡುವೆ ಒಂದು ಹೂಗೊಂಚಲು, ಅಷ್ಟೆ. ಹಿಂದೆ ಬೆಟ್ಟವಿಲ್ಲ, ಆಕಾಶವಿಲ್ಲ. ಹೂದಾನಿಯಿಲ್ಲ, ಅಂಚಿಗೆ ಬಳ್ಳಿಯ ಚಿತ್ತಾರವಿಲ್ಲ. ತೊಟ್ಟು ಬಾಗಿದ ರೀತಿ, ಎಲೆಯ ಬೆನ್ನು ಮಡಿಚಿ ತಿಳಿಹಸುರಾಗಿ ಕಾಣುವ ರೀತಿ, ಮೊಗ್ಗು ಬಿರಿಯುವುದಕ್ಕೆ ಮುಂಚೆ ಅದರ ತುದಿಯಲ್ಲಿ ತೋರುವ ಬಣ್ಣ, ಇವೆಲ್ಲವೂ ಹೂವು ನಮ್ಮೆದುರಿಗೇ ಇರುವಂತೆ ಮೂಡಿದ್ದವು.

ಅಕ್ಕನು ಬಹಳ ಹೊತ್ತು ಆ ಪುಟವನ್ನು ತಿರುವಲೇ ಇಲ್ಲ. ಕೊನೆಗೆ, "ಬಾಡುವುದರೊಳಗೆ ಬರೆದಿದ್ದಾಳೆ" ಎಂದಳು. ಅದು ನಿನಗೆ ಹೇಗೆ ತಿಳಿಯಿತೆಂದು ನಾವು ಕೇಳಲಿಲ್ಲ. ಕೇಳಬೇಕಾಗಿತ್ತೆಂದು ಈಗ ತೋರುವುದು.

ಮರುವಾರವೇ ನಮ್ಮ ಪ್ರಯಾಣವು ಗೊತ್ತಾಯಿತು. ಮೇರಿ ವಾಕ್ಸಳು ಈ ಪರ್ವತಗಳನ್ನು ಮೊದಲು ಕಂಡ ರಾಜರ್ಸ್ ಕಣಿವೆಗೆ ನೇರವಾಗಿ ಹೋಗುವುದು. ಹಿಂದಿರುಗುವಾಗ, ಆಕೆ ಅನೇಕ ಬೇಸಗೆಗಳನ್ನು ಕಳೆದ ಫೀಲ್ಡ್ ಎಂಬ ಊರಿನಲ್ಲಿ ತಂಗುವುದು ಎಂದು ನಿರ್ಧರಿಸಿದೆವು. ಕ್ಯಾಲ್ಗರಿಯಿಂದ ರಾಜರ್ಸ್ ಕಣಿವೆಗೆ ಸುಮಾರು ೨೧೦ ಮೈಲಿ. ಹುಡುಗನು ಮೋಟಾರು ನಡೆಸಿದನು. ನಾವಿಬ್ಬರೂ ಬುತ್ತಿಯೊಡನೆ ಹಿಂದೆ ಕುಳಿತೆವು. ಲೆಕ್ಕದ ಪುಸ್ತಕವು ವಾಡಿಕೆಯಂತೆ ಅಕ್ಕನ ವಶದಲ್ಲಿತ್ತು.

ನಗರವನ್ನು ಬಿಟ್ಟು ಒಂದು ಗಂಟೆಯಾಗುವುದರೊಳಗೆ ಬಯಲು ಮುಗಿದು, ಎದುರಿಗೆ ಬೂದುಬಣ್ಣದ ಬಂಡೆಗಳ ಗೋಡೆ ಎದ್ದುನಿಲ್ಲುವುದು. ಬ್ಯಾನ್ಫ್ ಪಟ್ಟಣವನ್ನೂ ಲೂಯಿ ಸರೋವರವನ್ನೂ ದಾಟಿದ ಮೇಲೆ ದಾರಿಯು ಕಿಕ್ಕಿಂಗ್ ಹಾರ್ಸ್ ಕಣಿವೆಯನ್ನು ಏರುವುದು. 'ಒದೆಯುವ ಕುದುರೆ' ಎಂಬ ಈ ಹೆಸರು ೧೮೫೮ರಲ್ಲಿ ಬಂದುದು. ಅನ್ವೇಷಣೆಗೆ ಬಂದಿದ್ದ ಡಾಕ್ಟರ್ ಜೇಮ್ಸ್ ಹೆಕ್ಟರನಿಗೆ ಅವನ ಕುದುರೆಯೇ ಒದ್ದಿತಂತೆ. ಇನ್ನೂ ಮುಂದೆ, ಫೀಲ್ಡ್ ಊರನ್ನು ದಾಟಿದ ಬಳಿಕ, ಹಿಮದ ಮುಸುಕು ಹೊತ್ತ ಶಿಖರವೊಂದನ್ನು ಹುಡುಗನು ತೋರಿಸಿ, "ದೊಡ್ಡಪ್ಪ, ಅದೇ ವಾಕ್ಸ್ ಶಿಖರ" ಎಂದನು. ನಾವು ಭಕ್ತಿಯಿಂದ ನೋಡಿದೆವು. ಆಮೇಲೆ ವಿಚಾರಿಸಲಾಗಿ, ಆ ಶಿಖರಕ್ಕೂ ನಮ್ಮ ಮೇರಿಗೂ ಸಂಬಂಧವಿಲ್ಲವೆಂದು ತಿಳಿಯಿತು. ಆ ಹೆಸರನ್ನಿಟ್ಟವನೂ ಅದೇ ಹೆಕ್ಟರನು. ಅದು ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸನೊಬ್ಬನ ಹೆಸರು. ಆಗ ಮೇರಿ ಇನ್ನೂ ಹುಟ್ಟಿಯೇ ಇರಲಿಲ್ಲ. ಆಕೆಯ ಹೆಸರಿನ ಶಿಖರವು ಉತ್ತರದಲ್ಲಿ ಜಾಸ್ಪರ್ ರಾಷ್ಟ್ರೀಯ ವನದಲ್ಲಿದೆ. ಅದಕ್ಕೆ ಹೆಸರಿಟ್ಟವಳು ಆಕೆಯ ಗೆಳತಿಯೂ ಪ್ರವಾಸಿಯೂ ಆಗಿದ್ದ ಮೇರಿ ಶಾಫರ್.

ಮೇರಿ ವಾಕ್ಸಳು ೧೮೬೦ನೆಯ ಇಸವಿ ಜುಲೈ ೩೧ರಂದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಕ್ವೇಕರ್ ಪಂಥದ ಸಿರಿವಂತ ಮನೆತನದಲ್ಲಿ ಹುಟ್ಟಿದಳು. ಆ ಪಂಥದವರು ಉಡುಗೆಯಲ್ಲಿಯೂ ನಡೆಯಲ್ಲಿಯೂ ಆಡಂಬರವನ್ನು ಒಲ್ಲದವರು. ಬಾಲ್ಯದಲ್ಲಿ ಯಾರೋ ಕೊಟ್ಟ ಬಣ್ಣದ ಪೆಟ್ಟಿಗೆಯೊಂದರಿಂದ ಆಕೆಗೆ ಚಿತ್ರ ಬರೆಯುವ ಹವ್ಯಾಸವು ಅಂಟಿಕೊಂಡಿತು. ೧೮೭೯ರಲ್ಲಿ ಶಾಲೆಯ ವ್ಯಾಸಂಗ ಮುಗಿಯಿತು. ಮರುವರ್ಷವೇ ತಾಯಿ ತೀರಿಕೊಂಡಳು. ತಂದೆಯ ಸಂಸಾರ, ಇಬ್ಬರು ತಮ್ಮಂದಿರ ಯೋಗಕ್ಷೇಮ, ಮನೆಯ ಆಳುಕಾಳುಗಳ ಮೇಲ್ವಿಚಾರಣೆ, ಇವೆಲ್ಲವೂ ಇಪ್ಪತ್ತು ವರ್ಷ ತುಂಬುವ ವೇಳೆಗೆ ಆಕೆಯ ಹೆಗಲಿಗೆ ಬಂದವು. ಅಂದಿನಿಂದ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಆಕೆಯೇ ಆ ಮನೆಯ ಯಜಮಾನಿಯಾಗಿದ್ದಳು.

ಈ ಸಂಗತಿಯನ್ನು ನಾವು ದಾರಿಯಲ್ಲಿ ಓದಿ ಹೇಳುತ್ತಿದ್ದಾಗ ಅಕ್ಕನು ಕಿಟಕಿಯ ಕಡೆಗೆ ನೋಡುತ್ತಿದ್ದಳು. ನಮ್ಮ ತಾಯಿ ತೀರಿಕೊಂಡಾಗ ಅಕ್ಕನಿಗೆ ಹದಿನೆಂಟು ವರ್ಷ. ನಾವು ತಮ್ಮಂದಿರು ಮೂವರು. ನಮ್ಮ ಸಂಗತಿ ಇಷ್ಟು ಸಾಕು.

ರಾಜರ್ಸ್ ಕಣಿವೆಯು ಸೆಲ್ಕರ್ಕ್ ಪರ್ವತಗಳ ನಡುವೆ ಸುಮಾರು ೪,೩೬೦ ಅಡಿ ಎತ್ತರದಲ್ಲಿದೆ. ಕೆನಡಾ ದೇಶವನ್ನು ಪೂರ್ವ ಸಮುದ್ರದಿಂದ ಪಶ್ಚಿಮ ಸಮುದ್ರದವರೆಗೆ ಹೊಲಿದ ಉಗಿಬಂಡಿಯ ಹಾದಿಯು ೧೮೮೫ರಲ್ಲಿ ಮುಗಿದಾಗ, ಈ ಕಣಿವೆಯ ಏರು ಅತಿ ಕಡಿದಾಗಿದ್ದುದರಿಂದ ಭಾರವಾದ ಭೋಜನದ ಬಂಡಿಗಳನ್ನು ಮೇಲಕ್ಕೆಳೆಯುವುದು ಕಷ್ಟವಾಯಿತು. ಆದುದರಿಂದ ಪ್ರಯಾಣಿಕರ ಊಟಕ್ಕಾಗಿ ರೈಲ್ವೆಯವರು ಇಲ್ಲಿಯೇ ಒಂದು ಸಣ್ಣ ಹೋಟೆಲನ್ನು ಕಟ್ಟಿದರು. ಅದೇ 'ಗ್ಲೇಸಿಯರ್ ಹೌಸ್'. ಅದರ ಹಿಂದೆಯೇ, ಮರಗಳ ಸಾಲಿನಾಚೆ, ಇಲಸಿಲವೆಟ್ ಎಂಬ ಮಹಾ ಹಿಮನದಿಯು ಬೆಟ್ಟದ ಹೆಗಲಿನಿಂದ ಇಳಿದುಬರುತ್ತಿತ್ತು. ಹಿಮನದಿಯೆಂದರೆ ಹರಿಯುವ ನೀರಲ್ಲ. ಶತಮಾನಗಳ ಹಿಮವು ತನ್ನ ಭಾರಕ್ಕೆ ತಾನೇ ಗಟ್ಟಿಯಾಗಿ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಜಾರಿನಲ್ಲಿ ಜರುಗುವ ನೀರ್ಗಲ್ಲಿನ ರಾಶಿ. ಹೋಟೆಲಿನವರೂ ಅತಿಥಿಗಳೂ ಊಟವಾದ ಮೇಲೆ ನಡೆದುಹೋಗಿ ಆ ಗಲ್ಲನ್ನು ಕೈಯಿಂದ ಮುಟ್ಟಿ ಬರುತ್ತಿದ್ದರಂತೆ.

೧೮೮೭ರ ಬೇಸಗೆಯಲ್ಲಿ ವಾಕ್ಸ್ ಮನೆಯವರು, ಎಂದರೆ ತಂದೆ, ಮೇರಿ, ತಮ್ಮಂದಿರಾದ ಜಾರ್ಜ್ ಮತ್ತು ವಿಲಿಯಂ, ಈ ದಾರಿಯಲ್ಲಿ ಬಂದು ಇಲ್ಲಿ ಇಳಿದರು. ತಮ್ಮಂದಿರು ಹಿಮನದಿಯ ಛಾಯಾಚಿತ್ರಗಳನ್ನು ತೆಗೆದರು. ಏಳು ವರ್ಷಗಳ ಬಳಿಕ, ೧೮೯೪ರಲ್ಲಿ, ಮತ್ತೆ ಬಂದು ನೋಡಿದಾಗ ಹಿಮದ ಮೂತಿಯು ಹಿಂದಕ್ಕೆ ಸರಿದಿರುವುದು ಬರಿಗಣ್ಣಿಗೇ ತಿಳಿಯಿತು. ಅಲ್ಲಿಂದ ಮುಂದೆ ಆ ಮನೆಯವರು ಬೇಸಗೆಯ ವಿಹಾರವನ್ನೇ ಒಂದು ಶಾಸ್ತ್ರೀಯ ವ್ರತವನ್ನಾಗಿ ಮಾಡಿಕೊಂಡರು. ಗೊತ್ತಾದ ಬಂಡೆಗಳಿಗೆ ಗುರುತು ಹಾಕುವುದು, ಅಲ್ಲಿಂದ ಹಿಮದಂಚಿನವರೆಗೆ ಅಳೆಯುವುದು, ಅದೇ ಸ್ಥಳದಲ್ಲಿ ನಿಂತು ಅದೇ ದೃಶ್ಯದ ಚಿತ್ರವನ್ನು ತೆಗೆಯುವುದು, ಇದೇ ಕ್ರಮ. ಉತ್ತರ ಅಮೆರಿಕದಲ್ಲಿ ಹಿಮನದಿಗಳನ್ನು ವರ್ಷವರ್ಷವೂ ಕ್ರಮವಾಗಿ ಅಳೆದವರಲ್ಲಿ ಇವರು ಮೊದಲಿಗರ ಸಾಲಿಗೆ ಸೇರಿದವರು. ಮೇರಿಯು ಛಾಯಾಚಿತ್ರಗಳನ್ನು ತೊಳೆದು ಅಚ್ಚುಮಾಡುವ ಕೆಲಸದಲ್ಲಿ ನಿಪುಣಳಾದಳು. ೧೯೦೮ರಲ್ಲಿ ವಿಲಿಯಂ ತೀರಿಕೊಂಡ ಮೇಲೆಯೂ ಅಳತೆಯ ಕೆಲಸವನ್ನು ಆಕೆ ಕೆಲವು ವರ್ಷ ತಾನೇ ನಡೆಯಿಸಿದಳು.

ನಾವು ಗ್ಲೇಸಿಯರ್ ಹೌಸಿನ ಸ್ಥಳಕ್ಕೆ ಬೆಳಗ್ಗೆ ನಡೆದುಹೋದೆವು. ಈಗ ಅಲ್ಲಿರುವುದು ತಳಪಾಯದ ಸಾಲುಗಳೂ ಅವುಗಳ ನಡುವೆ ಬೆಳೆದ ಪೊದೆಗಳೂ ಮಾತ್ರ. ಈ ಕಣಿವೆಯಲ್ಲಿ ಹಿಮಪಾತಗಳ ಕಾಟ ಬಹಳ. ೧೯೧೦ರ ಮಾರ್ಚಿಯಲ್ಲಿ ಹಾದಿಯ ಮೇಲಿನ ಹಿಮವನ್ನು ತೆಗೆಯುತ್ತಿದ್ದ ಕೂಲಿಗಾರರ ಮೇಲೆ ಇನ್ನೊಂದು ಹಿಮರಾಶಿ ಕುಸಿದು ೫೮ ಮಂದಿ ಮಡಿದರು. ಬಳಿಕ ರೈಲ್ವೆಯವರು ಬೆಟ್ಟದ ಹೊಟ್ಟೆಯಲ್ಲಿ ಸುಮಾರು ಐದು ಮೈಲಿ ಸುರಂಗವನ್ನು ಕೊರೆದು ೧೯೧೬ರಲ್ಲಿ ಹಾದಿಯನ್ನು ಅದರೊಳಕ್ಕೆ ತಿರುಗಿಸಿದರು. ಬಾಗಿಲಿಗೆ ಬಂಡಿ ಬರುವುದು ನಿಂತುಹೋದ ಹೋಟೆಲು ೧೯೨೫ರಲ್ಲಿ ಮುಚ್ಚಿತು. ೧೯೨೯ರಲ್ಲಿ ಕಟ್ಟಡವನ್ನು ಕೆಡವಿದರು. ಹಿಮನದಿಯಾದರೋ ೧೮೮೭ರಲ್ಲಿ ಇದ್ದ ಸ್ಥಳದಿಂದ ಒಂದು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದು, ಈಗ ಬಂಡೆಯ ಮೇಲ್ತುದಿಯಲ್ಲಿ ಬಿಳಿಯ ಅಂಚಿನಂತೆ ಕಾಣುತ್ತದೆ. ಮುಟ್ಟಿ ಬರುವ ಮಾತು ಇನ್ನಿಲ್ಲ. ಅದು ಬಿಟ್ಟುಹೋದ ಕಲ್ಲುನೆಲದ ಮೇಲೆ ನಸುಗೆಂಪಿನ ಫೈರ್‌ವೀಡ್ ಹೂಗಳು ಅಲ್ಲಲ್ಲಿ ಎದ್ದು ನಿಂತಿದ್ದವು. ಬೆಂಕಿ ಸುಟ್ಟ ನೆಲ, ಹಿಮ ಬಿಟ್ಟ ನೆಲ, ಯಾವುದಾದರೂ ಸರಿಯೆ, ಮೊದಲು ಬಂದು ಬೇರೂರುವ ಗಿಡಗಳಲ್ಲಿ ಇದೊಂದು.

ಇಲ್ಲಿಂದ ಹಿಂದಿರುಗಿ ಸಂಜೆಯ ವೇಳೆಗೆ ಫೀಲ್ಡ್ ಊರನ್ನು ಸೇರಿದೆವು. ಕಿಕ್ಕಿಂಗ್ ಹಾರ್ಸ್ ನದಿಯ ದಡದಲ್ಲಿ ಕೆಲವೇ ಬೀದಿಗಳ ಸಣ್ಣ ಊರು. ಅದರ ನೆತ್ತಿಯ ಮೇಲೆಯೇ ಸ್ಟೀಫನ್ ಶಿಖರವು ೧೦,೪೯೬ ಅಡಿ ಎತ್ತರಕ್ಕೆ ನಿಂತಿದೆ. ೧೯೦೦ರಲ್ಲಿ, ತನ್ನ ನಾಲ್ವತ್ತನೆಯ ವರ್ಷದಲ್ಲಿ, ಮೇರಿ ವಾಕ್ಸಳು ಈ ಶಿಖರವನ್ನು ಹತ್ತಿದಳು. ಕೆನಡಾದಲ್ಲಿ ೧೦,೦೦೦ ಅಡಿಗೆ ಮಿಗಿಲಾದ ಶಿಖರವನ್ನು ಹತ್ತಿದ ಮೊದಲನೆಯ ಹೆಂಗಸು ಈಕೆಯೇ. ಅಕ್ಕನು ಕೆಳಗಿನಿಂದ ಆ ಬಂಡೆಗಳನ್ನು ನೋಡಿ, "ಆ ದಿನ ಮನೆಯಲ್ಲಿ ಯಾರು ಅಡಿಗೆ ಮಾಡಿದರೋ" ಎಂದಳು. ಹುಡುಗನು ನಕ್ಕನು. ಅಕ್ಕನು ನಗುವುದಕ್ಕಾಗಿ ಹೇಳಿದ ಮಾತಾಗಿರಲಿಲ್ಲ ಅದು.

ಆ ಪ್ರಶ್ನೆಗೆ ಉತ್ತರವನ್ನೂ ಹೇಳಿಬಿಡುವುದು ನ್ಯಾಯ. ವಾಕ್ಸ್ ಮನೆತನಕ್ಕೆ ಹಣದ ಕೊರತೆಯಿರಲಿಲ್ಲ. ಮನೆಯಲ್ಲಿ ಆಳುಗಳಿದ್ದರು, ಮುಂದೆ ಬೆಟ್ಟದ ಬಿಡಾರಗಳಲ್ಲಿಯೂ ಸಾಮಾನು ಹೊರುವ ಕುದುರೆಗಳೂ, ಅವುಗಳ ಆಳುಗಳೂ, ಅಡಿಗೆಯವನೂ ಇದ್ದರು. ಇಷ್ಟೆಲ್ಲ ಇದ್ದೂ, ಆಕೆಯ ಕೈಗೆ ಸಿಕ್ಕಿದುದು ವರ್ಷಕ್ಕೆ ಒಂದು ಬೇಸಗೆ ಮಾತ್ರ. ಉಳಿದ ತಿಂಗಳುಗಳು ತಂದೆಯ ಮನೆಗೆ ಸೇರಿದುವು. ಬೆಟ್ಟಗಳಿಗೆ ಹಿಂದಿರುಗುವ ದಿನಕ್ಕಾಗಿ ತಾನು ಹೇಗೆ ಹಾತೊರೆಯುತ್ತಿರುವೆನೆಂಬುದನ್ನು ಆಕೆ ಪತ್ರಗಳಲ್ಲಿ ಬರೆದಿರುವಳು.

ಹೂಗಳ ಚಿತ್ರಗಳಿಗೆ ಆಕೆ ಮನಸ್ಸಿಟ್ಟು ತಿರುಗಿದುದಕ್ಕೆ ಕಾರಣವಾದುದು ಒಂದು ಸಣ್ಣ ಘಟನೆ. ಒಂದು ಬೇಸಗೆಯಲ್ಲಿ ಸಸ್ಯಶಾಸ್ತ್ರಜ್ಞನೊಬ್ಬನು, ಅಪರೂಪವಾಗಿ ಅರಳಿದ್ದ ಆರ್ನಿಕ ಜಾತಿಯ ಹೂವೊಂದನ್ನು ಬರೆದುಕೊಡುವೆಯಾ ಎಂದು ಕೇಳಿದನಂತೆ. ಬರೆದುಕೊಟ್ಟಳು. ಅದನ್ನು ಮೆಚ್ಚಿದವರು, ಇದನ್ನೇ ಮುಂದುವರಿಸೆಂದು ಹುರಿದುಂಬಿಸಿದರು. ಹವ್ಯಾಸವಾಗಿದ್ದುದು ಕ್ರಮೇಣ ಉದ್ಯೋಗವಾಯಿತು.

ನೀರುಬಣ್ಣದ ಕೆಲಸವು ಹೊರಗಿನಿಂದ ನೋಡುವವರಿಗೆ ಸುಲಭವೆಂದು ತೋರುವುದು; ಮನೆಯ ಹೆಣ್ಣುಮಕ್ಕಳಿಗೆ ಹೊತ್ತು ಕಳೆಯುವ ವಿನೋದವೆಂದು ಆ ಕಾಲದಲ್ಲಿ ಎಣಿಸುತ್ತಿದ್ದರು. ವಾಸ್ತವವಾಗಿ ಅದು ಕ್ಷಮೆಯಿಲ್ಲದ ಮಾಧ್ಯಮ. ಎಣ್ಣೆಬಣ್ಣದಲ್ಲಿ ತಪ್ಪಿದರೆ, ಒಣಗಿದ ಮೇಲೆ ಅದರ ಮೇಲೆಯೇ ಇನ್ನೊಂದು ಬಣ್ಣವನ್ನು ಬಳಿದು ಮುಚ್ಚಬಹುದು. ನೀರುಬಣ್ಣವು ಪಾರದರ್ಶಕವಾದುದು, ಕೆಳಗಿನದು ಮೇಲೆ ಕಾಣುತ್ತಲೇ ಇರುವುದು. ಬಿಳಿಯ ಎಸಳಿನ ಬೆಳಕು ಬೇಕಾದರೆ ಅಲ್ಲಿ ಕಾಗದವನ್ನೇ ಖಾಲಿ ಬಿಡಬೇಕು. ಎಲ್ಲಿ ಬಿಡಬೇಕೆಂಬುದನ್ನು ಕುಂಚ ಅದ್ದುವುದಕ್ಕೆ ಮುಂಚೆಯೇ ಅರಿತಿರಬೇಕು. ಇನ್ನು ಹೂವಾದರೋ ಕಿತ್ತ ಗಳಿಗೆಯಿಂದ ಬಾಡುತ್ತಿರುವುದು. ಕೆಲವು ಮೊಗ್ಗುಗಳು ಬರೆಯುತ್ತಿರುವಾಗಲೇ ಅರಳಿ, ಮೊದಲಿನ ರೇಖೆಯನ್ನು ಸುಳ್ಳುಮಾಡುವುವು. ಎತ್ತರದ ಕಣಿವೆಗಳಲ್ಲಿ ಬೆರಳು ಮರಗಟ್ಟುವ ಚಳಿ. ಮೈಯನ್ನೂ ಬೆರಳುಗಳನ್ನೂ ಬಿಸಿಮಾಡಿಕೊಳ್ಳಲು ಪಕ್ಕದಲ್ಲಿ ಬೆಂಕಿ ಹಾಕಬೇಕಾಗುತ್ತಿತ್ತು. ಗುಡಾರದೊಳಗೆ ಕುಳಿತು ಬರೆಯೋಣವೆಂದರೆ ಬಿಳಿಯ ಬಟ್ಟೆಯ ಮೂಲಕ ಎಲ್ಲ ಕಡೆಯಿಂದಲೂ ಹರಡಿ ಬರುವ ಬೆಳಕಿನಲ್ಲಿ ನೆರಳೇ ಬೀಳದೆ ಹೂವಿನ ಆಕಾರ ತಿಳಿಯುತ್ತಿರಲಿಲ್ಲ. ತನ್ನ ಪುಸ್ತಕದ ಮುನ್ನುಡಿಯಲ್ಲಿ ಆಕೆ ಈ ತೊಡಕುಗಳನ್ನೆಲ್ಲ ಎರಡು ಮೂರು ವಾಕ್ಯಗಳಲ್ಲಿ ಹೇಳಿ ಮುಗಿಸಿರುವಳು. ದೂರುವ ಸ್ವರವೇ ಇಲ್ಲ.

ಫೀಲ್ಡ್ ಊರಿನ ಮೇಲೆ, ಉತ್ತರದ ಬೆಟ್ಟದ ಓರೆಯಲ್ಲಿ, ಲೋಕಪ್ರಸಿದ್ಧವಾದ ಇನ್ನೊಂದು ಸ್ಥಳವಿದೆ. ೧೯೦೯ರಲ್ಲಿ ವಾಷಿಂಗ್ಟನ್ ನಗರದ ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಡೂಲಿಟಲ್ ವಾಲ್ಕಾಟನು ಅಲ್ಲಿಯ ಜೇಡಿಕಲ್ಲಿನ ಪದರಗಳಲ್ಲಿ ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಸಮುದ್ರತಳದಲ್ಲಿ ಜೀವಿಸಿದ್ದ ಪ್ರಾಣಿಗಳ ಪಡಿಯಚ್ಚುಗಳನ್ನು ಕಂಡನು. ಸಾಮಾನ್ಯವಾಗಿ ಚಿಪ್ಪು ಎಲುಬುಗಳಷ್ಟೇ ಕಲ್ಲಿನಲ್ಲಿ ಉಳಿಯುವುದು. ಇಲ್ಲಿಯಾದರೋ ಮೃದುವಾದ ಅಂಗಗಳೂ ಉಳಿದಿದ್ದುವು. 'ಬರ್ಜೆಸ್ ಶೇಲ್' ಎಂದು ಹೆಸರಾದ ಈ ಸ್ಥಳದಿಂದ ಅವನು ೬೫,೦೦೦ಕ್ಕೂ ಹೆಚ್ಚು ಮಾದರಿಗಳನ್ನು ತೆಗೆದನು. ಅವನ ಪತ್ನಿಯು ೧೯೧೧ರಲ್ಲಿ ರೈಲು ಅಪಘಾತದಲ್ಲಿ ಮಡಿದಿದ್ದಳು. ಈ ಬೆಟ್ಟಗಳಲ್ಲಿಯೇ ಅವನಿಗೂ ಮೇರಿಗೂ ಪರಿಚಯ ಬೆಳೆಯಿತು.

ವಿವಾಹದ ಸುದ್ದಿ ಕೇಳಿ ತಂದೆಯು ಉಗ್ರವಾಗಿ ವಿರೋಧಿಸಿದನು. ಮೂವತ್ತನಾಲ್ಕು ವರ್ಷ ತನ್ನ ಮನೆಯನ್ನು ನೋಡಿಕೊಂಡ ಮಗಳು ಹೋಗುವಳೆಂಬುದು ವೃದ್ಧನಿಗೆ ಸಹಿಸಲಿಲ್ಲವೆಂದು ಊಹಿಸಬಹುದು. ಆದರೂ ೧೯೧೪ರ ಜೂನ್ ೩೦ರಂದು, ಐವತ್ತನಾಲ್ಕನೆಯ ವರ್ಷ ನಡೆಯುತ್ತಿದ್ದಾಗ, ಮೇರಿಯು ವಾಲ್ಕಾಟನನ್ನು ಮದುವೆಯಾದಳು. ಲೋಕವು ಹೆಂಗಸಿನ ಬಾಳು ಮುಗಿಯಿತೆಂದು ಲೆಕ್ಕ ಹಾಕುವ ವಯಸ್ಸಿನಲ್ಲಿ ಆಕೆಯ ಮುಖ್ಯವಾದ ಕೆಲಸವು ಮೊದಲಾಯಿತು.

"ತಂದೆಯನ್ನು ಆಮೇಲೆ ಯಾರು ನೋಡಿಕೊಂಡರು?" ಎಂದು ಅಕ್ಕನು ಕೇಳಿದಳು. ಅವನು ಮರುವರ್ಷವೇ ತೀರಿಕೊಂಡನೆಂದು ಹೇಳಿದೆವು. ಅಕ್ಕನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದದ್ದು ಸರಿಯೇ" ಎಂದಳು. ಆಮೇಲೆ ಎದ್ದು ನಮ್ಮಿಬ್ಬರಿಗೂ ಹಾಲು ಕಾಯಿಸಿ ತಂದಳು.

ಮದುವೆಯಾದ ಮೇಲೆ ದಂಪತಿಗಳು ಸುಮಾರು ಹತ್ತು ವರ್ಷಗಳ ಕಾಲ ಪ್ರತಿ ಬೇಸಗೆಯ ಮೂರು ನಾಲ್ಕು ತಿಂಗಳನ್ನು ಈ ಬೆಟ್ಟಗಳ ಗುಡಾರಗಳಲ್ಲಿ ಕಳೆದರು. ಕಲ್ಲು ಒಡೆಯುವುದರಲ್ಲಿ ಹೆಂಡತಿಯೂ ಕೈಗೂಡಿಸುತ್ತಿದ್ದಳು. ಹೊಸ ಹೂವು ಕಂಡರೆ ಗಂಡನೂ ತಂದುಕೊಡುತ್ತಿದ್ದನು. ಅವನ ಕಲ್ಲುಗಳು ಕೋಟಿಗಟ್ಟಲೆ ವರ್ಷ ಕಾದಿದ್ದವು. ಇನ್ನೊಂದು ಬೇಸಗೆ ಕಾಯುವುದು ಅವಕ್ಕೆ ಕಷ್ಟವಲ್ಲ. ಆಕೆಯ ಹೂವಿಗೆ ಸಂಜೆಯವರೆಗೂ ಪುರುಸತ್ತಿರಲಿಲ್ಲ. ಆ ಕಾಲುದಾರಿಗಳಲ್ಲಿ ತಾನು ಒಟ್ಟು ೫,೦೦೦ ಮೈಲಿಗೂ ಹೆಚ್ಚು ಸಂಚರಿಸಿದುದಾಗಿ ಆಕೆ ಬರೆದಿರುವಳು.

ಹೀಗೆ ಕೂಡಿದ ಚಿತ್ರಗಳನ್ನು ಸ್ಮಿತ್ಸೋನಿಯನ್ ಸಂಸ್ಥೆಯವರು ೧೯೨೫ರಿಂದ ಮೊದಲುಮಾಡಿ ಐದು ಸಂಪುಟಗಳಾಗಿ ಹೊರತಂದರು. ಸಂಪುಟಕ್ಕೆ ೮೦ರಂತೆ ೪೦೦ ಚಿತ್ರಗಳು. ಪ್ರತಿಯೊಂದಕ್ಕೂ ಆಕೆಯೇ ಬರೆದ ಚಿಕ್ಕ ವಿವರಣೆ. ಚಿತ್ರಗಳು ಬಹುಮಟ್ಟಿಗೆ ಹೂವಿನ ನಿಜವಾದ ಗಾತ್ರದಲ್ಲಿಯೇ ಇವೆ. ನೀರುಬಣ್ಣದ ನವಿರು ಅಚ್ಚಿನಲ್ಲಿ ಕೆಡದಿರಲೆಂದು ವಿಲಿಯಂ ಎಡ್ವಿನ್ ರಡ್ಜ್ ಎಂಬ ಮುದ್ರಕನು ವಿಶೇಷವಾದ ಕ್ರಮವೊಂದನ್ನು ರೂಪಿಸಿದನು. ಅದಕ್ಕೆ 'ಸ್ಮಿತ್ಸೋನಿಯನ್ ಕ್ರಮ'ವೆಂದೇ ಹೆಸರಾಯಿತು. ಅತ್ಯುತ್ತಮ ಕಾಗದದ ಪ್ರತಿಗಳನ್ನು ೫೦೦ ಮಾತ್ರ ತೆಗೆದರು. ಪಕ್ಷಿಗಳ ಚಿತ್ರಗಳಿಂದ ಹಿಂದಿನ ಶತಮಾನದಲ್ಲಿ ಹೆಸರಾಗಿದ್ದ ಆಡುಬಾನನೊಡನೆ ಹೋಲಿಸಿ, ಈಕೆಯನ್ನು ಸಸ್ಯಗಳ ಆಡುಬಾನ್ ಎಂದು ಜನರು ಕರೆದರು. ಹೂವನ್ನು ಅಲಂಕಾರಕ್ಕಾಗಿ ತಿರುಚದೆ ಅದರ ಸಹಜವಾದ ನಿಲುವಿನಲ್ಲಿಯೇ ತೋರಿಸುವುದು ಆಕೆಯ ಸಂಕಲ್ಪವಾಗಿತ್ತು. ಆಡಂಬರವನ್ನು ಒಲ್ಲದ ಮನೆತನದ ಸಂಸ್ಕಾರವೇ ಆ ಖಾಲಿ ಹಾಳೆಯಲ್ಲಿ ಇದೆಯೆಂದು ನಮಗೆ ತೋರಿತು.

ವಾಲ್ಕಾಟನು ೧೯೨೭ರ ಫೆಬ್ರವರಿಯಲ್ಲಿ ತೀರಿಕೊಂಡನು. ಆಕೆ ಸುಮ್ಮನೆ ಕೂರಲಿಲ್ಲ. ಆ ವರ್ಷವೇ ಅಮೆರಿಕದ ಮೂಲನಿವಾಸಿಗಳ ವಿಷಯವನ್ನು ವಿಚಾರಿಸುವ ಸರಕಾರದ ಮಂಡಲಿಗೆ ಸದಸ್ಯಳಾಗಿ ನೇಮಕಗೊಂಡು ೧೯೩೨ರವರೆಗೆ ಅವರ ನೆಲೆಗಳನ್ನು ಸುತ್ತಿದಳು. ೧೯೩೩ರಲ್ಲಿ ಮಹಿಳಾ ಭೂಗೋಳಜ್ಞರ ಸಂಘವು ಆಕೆಯನ್ನು ಅಧ್ಯಕ್ಷಳನ್ನಾಗಿ ಆರಿಸಿತು. ೧೯೩೫ರಲ್ಲಿ, ಎಪ್ಪತ್ತೈದನೆಯ ವರ್ಷದಲ್ಲಿ, ಕೀಟಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಹೂಜಿಗಿಡಗಳ ಹದಿನೈದು ಚಿತ್ರಗಳ ಗ್ರಂಥವನ್ನು ಕೊಟ್ಟಳು. ೧೯೪೦ರ ಆಗಸ್ಟ್ ೨೨ರಂದು, ಕೆನಡಾದ ಪೂರ್ವ ಕರಾವಳಿಯ ಊರೊಂದರಲ್ಲಿ, ಎಂಬತ್ತು ತುಂಬಿದ ಕೆಲವೇ ವಾರಗಳಲ್ಲಿ ಕಾಲವಾದಳು. ಆಕೆಯ ನೂರಾರು ಮೂಲಚಿತ್ರಗಳು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಅಮೆರಿಕನ್ ಕಲಾಸಂಗ್ರಹಾಲಯದಲ್ಲಿವೆ.

ಫೀಲ್ಡಿನಲ್ಲಿ ನಾವಿದ್ದ ಎರಡನೆಯ ದಿನ ಹುಡುಗನು ಬೆಳಗ್ಗೆಯೇ ಎದ್ದು ಮೇಲಿನ ಬರ್ಜೆಸ್ ಕಣಿವೆಗೆ ಹತ್ತಿಹೋದನು. ಅಷ್ಟು ಏರುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ. ಸಂಜೆ ಬಂದವನು, ಕರಗುತ್ತಿದ್ದ ಹಿಮದ ಅಂಚಿನಲ್ಲಿಯೇ ಅರಳಿದ್ದ ಹಳದಿಯ ಗ್ಲೇಸಿಯರ್ ಲಿಲಿಯನ್ನು ಕಂಡುದಾಗಿ ಹೇಳಿ, ತನ್ನ ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ತೋರಿಸಿದನು. ಚಿತ್ರವೇನೋ ಬಹಳ ಚೆನ್ನಾಗಿತ್ತು. ಆರು ಎಸಳುಗಳೂ ಹಿಂದಕ್ಕೆ ಬಾಗಿ, ತಲೆ ತಗ್ಗಿಸಿಕೊಂಡಿದ್ದ ಹೂವು.

"ಎಷ್ಟು ದೊಡ್ಡದಪ್ಪಾ ಅದು?" ಎಂದು ಅಕ್ಕನು ಕೇಳಿದಳು.

ಹುಡುಗನು ಎರಡು ಬೆರಳುಗಳನ್ನು ಅಗಲಿಸಿ ತೋರಿಸಿದನು. ಆಮೇಲೆ ಸ್ವಲ್ಪ ಕಿರಿದು ಮಾಡಿದನು. ಆಮೇಲೆ, "ಸರಿಯಾಗಿ ನೋಡಲಿಲ್ಲ ಅತ್ತೆ" ಎಂದನು.

"ಆ ಹೆಂಗಸಾಗಿದ್ದರೆ ನೋಡುತ್ತಿದ್ದಳು" ಎಂದಳು ಅಕ್ಕ. ಬಳಿಕ, ನಮ್ಮ ಕಡೆಗೆ ತಿರುಗದೆಯೇ, "ನಾನೂ ಕನಕಾಂಬರ, ಶಂಖಪುಷ್ಪ ಎಲ್ಲ ಬರೆದಿದ್ದೆ. ಶಂಖಪುಷ್ಪದ ನೀಲಿ ಎಷ್ಟು ಸಲ ಬಳಿದರೂ ಬರುತ್ತಿರಲಿಲ್ಲ" ಎಂದಳು. ಅವಳು ಚಿತ್ರ ಬರೆಯುತ್ತಿದ್ದಳೆಂಬುದು, ಅವಳು ಬೇಯಿಸಿದ ಅನ್ನವನ್ನು ಉಂಡು ಬೆಳೆದ ನಮಗೆ ಆ ದಿನದವರೆಗೂ ತಿಳಿದಿರಲಿಲ್ಲ. ಆ ಹಾಳೆಗಳು ಎಲ್ಲಿವೆಯೆಂದು ಕೇಳಿದೆವು. "ಯಾವಾಗಲೋ ಹೋದವು, ಬಿಡು" ಎಂದಳು.

ಮರುದಿನ ಬೆಳಗ್ಗೆ ಊರ ಹೊರಗೆ ನದಿಯ ದಂಡೆಯಲ್ಲಿ ಸ್ವಲ್ಪ ದೂರ ನಡೆದೆವು. ಅಲ್ಲಿ ಪೇಂಟ್‌ಬ್ರಷ್ ಎಂಬ ಗಿಡವು ಹುಲ್ಲಿನ ನಡುವೆ ಕೆಂಪಗೆ ನಿಂತಿತ್ತು. ಹೆಸರೇ ಹೇಳುವಂತೆ, ಬಣ್ಣದಲ್ಲಿ ಅದ್ದಿ ತೆಗೆದ ಕುಂಚದ ಹಾಗೆಯೇ ಇರುವುದು. ಆ ಕೆಂಪು ಹೂವಿನದಲ್ಲ. ಹೂವನ್ನು ಸುತ್ತಿರುವ ಎಲೆಗಳದು. ನಿಜವಾದ ಹೂವು ಒಳಗೆ ಹಸಿರಾದ ಸಣ್ಣ ಕೊಳವೆಯಂತೆ ಅಡಗಿರುವುದು. ಇದರ ಬೇರುಗಳು ನೆರೆಯ ಗಿಡಗಳ ಬೇರಿಗೆ ಹೆಣೆದುಕೊಂಡು ಆಹಾರದ ಒಂದು ಭಾಗವನ್ನು ಅಲ್ಲಿಂದಲೇ ಪಡೆಯುವುವು. ಆದುದರಿಂದ ಕಿತ್ತು ಬೇರೆಡೆ ನೆಟ್ಟರೆ ಉಳಿಯುವುದು ಕಷ್ಟ. ಕೀಳುವ ಹಾಗೂ ಇಲ್ಲ. ರಾಷ್ಟ್ರೀಯ ವನದಲ್ಲಿ ಹೂವು ಕೊಯ್ಯುವುದು ಈಗ ಅಪರಾಧ. ಮೇರಿಗೆ ಇದ್ದ ಆ ಸ್ವಾತಂತ್ರ್ಯವು ಇಂದಿನವರಿಗಿಲ್ಲ. ಬರೆಯಬೇಕಾದವರು ಗಿಡದ ಬಳಿಯೇ ಕೂರಬೇಕು.

ಅಕ್ಕನು ಅಲ್ಲಿದ್ದ ಕಲ್ಲೊಂದರ ಮೇಲೆ ಕುಳಿತು ಚೀಲದಿಂದ ಲೆಕ್ಕದ ಪುಸ್ತಕವನ್ನೂ ಸೀಸದಕಡ್ಡಿಯನ್ನೂ ತೆಗೆದಳು. ಬ್ರೆಡ್ಡು, ಹಾಲು, ಪೆಟ್ರೋಲು, ಕೊಠಡಿಯ ಬಾಡಿಗೆ ಎಂದು ಬರೆದಿದ್ದ ಪುಟವನ್ನು ಮಗುಚಿ, ಮೊದಲು ಬೆರಳಿನಿಂದ ಗಿಡದ ಎತ್ತರವನ್ನು ಅಳೆದು ಹಾಳೆಯ ಮೇಲೆ ಎರಡು ಚುಕ್ಕೆಗಳನ್ನಿಟ್ಟಳು. ಹುಡುಗನು ಹೊರಡುವ ಹೊತ್ತಾಯಿತೆಂದು ಎರಡು ಸಲ ಕರೆದನು. ಇರಲಿ, ಕಾಯೋಣವೆಂದು ನಾವು ಅವನಿಗೆ ಸನ್ನೆ ಮಾಡಿದೆವು.

ಮುಕ್ಕಾಲು ಗಂಟೆಯಾದ ಮೇಲೆ ಎದ್ದು ಬಂದು ತೋರಿಸಿದಳು. ರೇಖೆ ಅಲ್ಲಲ್ಲಿ ನಡುಗಿತ್ತು. ಒಂದು ಎಲೆಯನ್ನು ಎರಡು ಸಲ ತಿದ್ದಿದ್ದಳು. ಬಣ್ಣವಿಲ್ಲದಿದ್ದುದರಿಂದ, ಬಣ್ಣ ಬರಬೇಕಾದಲ್ಲೆಲ್ಲ ಸಣ್ಣ ಅಕ್ಷರಗಳಲ್ಲಿ 'ಕೆಂಪು', 'ಕೆಂಪು', 'ತುದಿಯಲ್ಲಿ ಸ್ವಲ್ಪ ಹಸುರು' ಎಂದು ಬರೆದಿದ್ದಳು.